ಮಂದಾಳ ಬೆನ್ನ ಮೇಲಿನ ಡಬ್ಬಿ

ಕರಾಡದ ಚಾವಡಿ ಚೌಕದಲ್ಲಿ ಟಿವಿ ರಿಪೇರಿ ಅಂಗಡಿ ಇಟ್ಟಿದ್ದ ದಿನಕರ ಶಿಂತ್ರೆಗೆ ದೇವರು ಒಳ್ಳೆಯ ಕೈಗುಣ ಕೊಟ್ಟಿದ್ದ, ಜೊತೆಗೆ ಸದಾ ಉರಿಯುವ ಹೊಟ್ಟೆಯನ್ನೂ ಕೊಟ್ಟಿದ್ದ. ಸತ್ತ ಟಿವಿಯ ಹಿಂಬದಿ ಬಿಚ್ಚಿ ಒಮ್ಮೆ ಮೂಸಿದರೆ ಸಾಕು, ಒಳಗೆ ಸುಟ್ಟದ್ದು ಯಾವುದೆಂದು ಹೇಳಿಬಿಡುತ್ತಿದ್ದ. ಆದರೆ ಎದುರು ಸಾಲಿನ ಪ್ರಮೋದ ಥೋರಾತನ ಅಂಗಡಿಗೆ ಒಬ್ಬ ಗಿರಾಕಿ ಹತ್ತಿದರೂ ಇವನಿಗೆ ಕುಡಿಯುತ್ತಿದ್ದ ಚಹಾ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಪ್ರಮೋದ ಬೆಸುಗೆ ಹಾಕಲು ಕಲಿತದ್ದು ಇವನ ಕೈಕೆಳಗೇ. ಕಲಿತವನು ಬೇರೆ ಬೀದಿ ನೋಡಿಕೊಳ್ಳಬೇಕೋ ಬೇಡವೋ? ಸರಿಯಾಗಿ ಎದುರಿಗೇ ಬೋರ್ಡು ಹಾಕಿದ, ಅದೂ ಬಣ್ಣದ ದೀಪ ಮಿಣುಕುವ ಬೋರ್ಡು.

ಇಂಥವನ ಹೆಂಡತಿಯ ಬೆನ್ನ ಮೇಲೆ ಅದೇ ಪ್ರಮೋದ ಮಾಡಿಕೊಟ್ಟ ಡಬ್ಬಿ ಬಂದು ಕೂತರೆ ಏನಾಗಬೇಡ!

ಹೆಂಡತಿ ಮಂದಾ ಮನೆಯಲ್ಲೇ ಬ್ಲೌಸು ಹೊಲಿಯುತ್ತಿದ್ದಳು. ಯಂತ್ರದ ಮೇಲೆ ಬಗ್ಗಿ ಬಗ್ಗಿ ಬೆನ್ನು ಹಿಡಿದುಕೊಂಡು, ಏಳುವಾಗ ಗೋಡೆ ಹಿಡಿಯುವ ಹಾಗಾಗಿತ್ತು. ನೆಟ್ಟಗೆ ಕೂತು ಹೊಲಿ, ಇಲ್ಲವೇ ಹೊಲಿಗೆ ಬಿಡು ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ಹೊಲಿಗೆ ಬಿಟ್ಟು ಮಂದಾ ಬದುಕುವುದುಂಟೆ? ಅವಳ ಪ್ರಪಂಚವೇ ಅದು. "ಏನಾದ್ರೂ ಮಾಡ್ರೀ" ಎಂದು ಗಂಡನಿಗೆ ಹೇಳಿದಾಗಲೆಲ್ಲ ಅವನದು ಒಂದೇ ಉತ್ತರ, "ನಾಳೆ ನೋಡೋಣ."

ಸಂಕ್ರಾಂತಿ ಹತ್ತಿರವಾದಾಗ ಒಂದು ಮಧ್ಯಾಹ್ನ ಊಟಕ್ಕೆ ಬಂದವನ ಕಿವಿಗೆ 'ಪೀಂ' ಎಂಬ ಕೂಗು ಬಿತ್ತು. ನೋಡಿದರೆ, ಮಂದಾಳ ಕತ್ತಿನ ಕೆಳಗೆ ಬ್ಲೌಸಿಗೆ ಪಿನ್ನು ಹಾಕಿ ಸಿಕ್ಕಿಸಿದ ಕುಂಕುಮದ ಪ್ಲಾಸ್ಟಿಕ್ ಡಬ್ಬಿ! ಅವಳು ಬಗ್ಗಿದರೆ ಕೂಗುತ್ತದೆ, ನೆಟ್ಟಗಾದರೆ ಬಾಯಿ ಮುಚ್ಚುತ್ತದೆ.

"ಏನಿದು?"

"ಪ್ರಮೋದ ಭಾವೋಜಿ ಮಾಡ್ಕೊಟ್ರು. ಹೆಂಗಿದೆ?"

"ಬೆನ್ನಿಗೆ ಪಿನ್ನು ಹಾಕಿದ್ದು ಯಾರು?"

"ಅಯ್ಯೋ ನಿಮ್ಮ ಬುದ್ಧಿಗಿಷ್ಟು! ಇಂದೂಕಾಕು ಹಾಕಿದ್ರು. ಕೂತ್ಕೊಳ್ಳಿ, ಭಾಕರಿ ಆರಿಹೋಗ್ತಿದೆ."

ಅಳತೆ ಕೊಡಲು ಬಂದಿದ್ದ ಪಕ್ಕದ ಮನೆಯ ಇಂದೂಕಾಕು ಬಾಯಿಗೆ ಸೆರಗು ಅಡ್ಡ ಹಿಡಿದಳು. "ನೀನು ಊರ ಟಿವಿ ನೋಡ್ಕೋ ದಿನಕರಾ. ಹೆಂಡ್ತಿ ಬೆನ್ನು ನೋಡ್ಕೊಳ್ಳೋಕೆ ಎದುರಂಗಡಿಯವನು ಇದ್ದಾನಲ್ಲ."

ಆ ಮಾತು ಅವನ ಹೊಟ್ಟೆಯಲ್ಲಿ ಕೆಂಡದ ಹಾಗೆ ಕೂತಿತು. ಸಂಜೆ ಮಂದಾ ಡಬ್ಬಿ ಕಳಚಿಟ್ಟು ನೀರು ತರಲು ಹೋದಾಗ ಕಳ್ಳನಂತೆ ಅದನ್ನು ಬಿಚ್ಚಿದ. ಒಂದು ಸೆಲ್ಲು, ಅಲಾರಂ ಗಡಿಯಾರದಿಂದ ಕಿತ್ತ ಬಜರು, ಪಾದರಸ ತುಂಬಿದ ಪುಟ್ಟ ಗಾಜಿನ ಕೊಳವೆ. ಕೊಳವೆ ವಾಲಿದರೆ ಪಾದರಸ ಜಾರಿ ತಂತಿಗಳೆರಡನ್ನು ಕೂಡಿಸುತ್ತದೆ, ಬಜರು ಕೂಗುತ್ತದೆ. ಥೂ, ಇಷ್ಟೇನಾ! ಬೆಸುಗೆಯಲ್ಲಾದರೂ ತಪ್ಪು ಹುಡುಕೋಣವೆಂದರೆ ಅದೂ ಚೊಕ್ಕವಾಗಿತ್ತು, ಇವನೇ ಕಲಿಸಿದ ಹಾಗೆ. ಅದನ್ನು ಕಂಡು ಇನ್ನಷ್ಟು ಮೈ ಉರಿಯಿತು.

ಮರುದಿನದಿಂದ ಗಿರಾಕಿಗಳ ಟಿವಿಗಳು ಮೂಲೆ ಸೇರಿದವು. ಕ್ರಿಕೆಟ್ ತಪ್ಪಿದವರು ಬಾಗಿಲಿಗೆ ಬಂದು ಬೈದು ಹೋದರು. ದಿನಕರ ತಲೆ ಎತ್ತಲಿಲ್ಲ. ಅಂಥದೇ ಇನ್ನೊಂದು ಡಬ್ಬಿ ಕಟ್ಟಿ, ಪಾದರಸದ ಕೊಳವೆಗೆ ಕೆಪಾಸಿಟರು ಸೇರಿಸಿ, ಕೂಗುವುದನ್ನು ತುಸು ತಡಮಾಡುವ ಹಾಗೆ ಮಾಡಿದ. ಕತ್ತರಿಗೆಂದು ಬಗ್ಗಿದರೆ ಸುಮ್ಮನಿರಬೇಕು, ಬಗ್ಗಿಯೇ ಕೂತರೆ ಮಾತ್ರ ಕೂಗಬೇಕು. ಪ್ರಮೋದನ ತಾತನಿಗೂ ಹೊಳೆಯದ ಉಪಾಯ! ಮೇಲೆ ಒಂದು ಕೆಂಪು ದೀಪವನ್ನೂ ಕೂರಿಸಿದ. ಅದರಿಂದ ಉಪಯೋಗವೇನೂ ಇಲ್ಲ, ಎದುರಂಗಡಿಯವನ ಡಬ್ಬಿಗೆ ಇರಲಿಲ್ಲ, ಅಷ್ಟೇ.

"ಅದನ್ನ ತೆಗಿ, ಇದನ್ನ ಹಾಕ್ಕೋ" ಎಂದ.

"ಯಾಕ್ ತೆಗೀಲಿ? ಪಾಪ, ಕೇಳಿದ ಕೂಡ್ಲೇ ಮಾಡ್ಕೊಟ್ಟಿದ್ದಾರೆ. ಎರಡೂ ಇರ್ಲಿ ಬಿಡಿ."

ಕೇಳಿದ ಕೂಡಲೇ! ಬೇಕೆಂದೇ ಚುಚ್ಚಿದಳು. ಅಂದಿನಿಂದ ಎರಡು ಡಬ್ಬಿಗಳೂ ಅವಳ ಬೆನ್ನೇರಿ ಒಂದಾದ ಮೇಲೊಂದು ಅರಚತೊಡಗಿದವು. ದಿನಕರನಿಗೆ ದಿಗಿಲಾಯಿತು. ಇಷ್ಟು ಬುದ್ಧಿ ಖರ್ಚು ಮಾಡಿದ ತನ್ನ ಡಬ್ಬಿ ಆ ಪೋರನದಕ್ಕೆ ಸಮಸಮ ಕೂಗುವುದೆಂದರೇನು?

ಸಂಕ್ರಾಂತಿಯ ಸಂಜೆ ಮಂದಾ ಡಬ್ಬಿಗಳನ್ನು ಕಳಚಿಟ್ಟು, ಆ ಸೀಮೆಯ ರೂಢಿಯಂತೆ ಕಪ್ಪು ಸೀರೆಯುಟ್ಟು ಅರಿಶಿನ ಕುಂಕುಮಕ್ಕೆ ಹೊರಟಳು. ನೋವಿದ್ದರೂ ಹಬ್ಬವೆಂದು ನೆಟ್ಟಗೆ ನಡೆದಳು. ಯಾರು ನೋಡಲೆಂದು ಇಷ್ಟು ನೆಟ್ಟಗೆ ಎಂದು ಇವನ ಹಾಳು ಮನಸ್ಸು ಅದಕ್ಕೂ ಕುದಿಯಿತು.

ಅವಳು ಮರೆಯಾದದ್ದೇ ತನ್ನ ಡಬ್ಬಿಯನ್ನು ಬನಿಯನ್ನಿಗೆ ಸಿಕ್ಕಿಸಿಕೊಂಡು ಯಂತ್ರದ ಮುಂದೆ ಕೂತ. ದೋಷ ಎಲ್ಲಿದೆಯೋ ಹಿಡಿದೇ ತೀರುವೆನೆಂಬ ಹಟ. ಸೂಜಿಗೆ ದಾರ ಪೋಣಿಸಲು ಹೋದ. ಕಣ್ಣು ಕಾಣಲಿಲ್ಲ. ಬಗ್ಗಿದ. ಇನ್ನೂ ಬಗ್ಗಿದ. ಹಗಲಲ್ಲೂ ಮಬ್ಬಾಗಿರುವ ಆ ಕೋಣೆಯಲ್ಲಿ ಹಿಂದಿನ ಗೋಡೆಯ ಬಡಕಲು ಬಲ್ಬಿನ ಬೆಳಕಿಗೆ ಅವನದೇ ನೆರಳು ಸೂಜಿಯ ಮೇಲೆ ಬಿದ್ದಿತ್ತು. ಬೆನ್ನ ಮೇಲೆ ಡಬ್ಬಿ ಬಾಯಿ ಬಡಿದುಕೊಂಡಿತು.

ದಿನಕರ ತಲೆಯೆತ್ತಿ ನೋಡಿದ. ಯಂತ್ರದ ನೆತ್ತಿಯ ಮೇಲೆ ಟ್ಯೂಬ್‌ಲೈಟು ಎರಡೂ ತುದಿ ಕಪ್ಪಾಗಿ ಸತ್ತು ನೇತಾಡುತ್ತಿತ್ತು. ದೀಪಾವಳಿಗೆ ಕೆಟ್ಟದ್ದು. ಅಂದಿನಿಂದ ಅದಕ್ಕೂ "ನಾಳೆ ನೋಡೋಣ" ನಡೆದಿತ್ತು.

ಅಂಗಡಿಗೆ ಓಡಿ ಹೊಸ ಟ್ಯೂಬು, ಸ್ಟಾರ್ಟರು ತಂದು ಹಾಕಿದ. ಮಂದಾ ಬಂದವಳೇ ಬೆಳಕು ನೋಡಿ, ಎರಡೂ ಡಬ್ಬಿ ಹಾಕಿಕೊಂಡು ಹೊಲಿಯಲು ಕೂತಳು. ತುಂಬ ಹೊತ್ತಾದರೂ ಒಂದೂ ಕೂಗಲಿಲ್ಲ.

"ಡಬ್ಬಿ ಕೆಟ್ಟೋದ್ವೋ ಏನೋ" ಎಂದು ನಕ್ಕು, ಪ್ರಮೋದನದನ್ನು ಬಿಚ್ಚಿ ಗಂಡನ ಕೈಗಿಟ್ಟಳು. "ಅವರಿಗೆ ವಾಪಸ್ ಕೊಟ್ಟು, ಎಳ್ಳುಂಡೇನೂ ಕೊಟ್ಟು ಬನ್ನಿ."

ಗೆದ್ದವನ ಗತ್ತಿನಲ್ಲಿ ಎದುರಂಗಡಿಯ ಮೆಟ್ಟಿಲು ಹತ್ತಿದ. "ತಗೋಪ್ಪಾ ನಿನ್ನ ಡಬ್ಬಿ. ನಮಗೆ ಬೇಕಾಗಿಲ್ಲ."

ಪ್ರಮೋದನ ಮುಖ ಅರಳಿತು. "ಹಾಗಾದ್ರೆ ಟ್ಯೂಬ್ ಹಾಕಿದ್ರಾ ದಾದಾ?"

"ಟ್ಯೂಬಿನ ವಿಷಯ ನಿನಗೆ ಹೇಗೆ ಗೊತ್ತೋ?"

"ನಮ್ಮ ಆಯಿದು ಬ್ಲೌಸ್ ಹೊಲಿಯೋಕೆ ಕೊಡಲು ಬಂದಾಗ ನೋಡಿದ್ನಲ್ಲ. ಬೆಳಕಿಲ್ದೆ ಮಂದಾ ವಹಿನಿ ಬಗ್ತಿದ್ರು. ಹಾಕಿಬಿಡೋಣ ಅಂತ ಸ್ಟೂಲ್ ಹತ್ತಿದೆ. 'ಇಳೀರಿ ಕೆಳಗೆ!' ಅಂತ ಗದರಿಬಿಟ್ರು. 'ಈ ಮನೆ ದೀಪಕ್ಕೆ ಅವರನ್ನ ಬಿಟ್ಟು ಇನ್ನೊಬ್ರು ಕೈ ಹಚ್ಚಬಾರದು. ಚೌಕದಲ್ಲಿ ಅವರ ಮರ್ಯಾದೆ ಏನಾಗ್ಬೇಕು? ಅವರು ಮಾಡೋ ತನಕ ನನ್ನ ಬೆನ್ನು ಉಳಿಯೋ ಹಾಗೆ ಬೇರೆ ಏನಾದ್ರೂ ಕೊಡಿ' ಅಂದ್ರು. ಇನ್ನೇನ್ ಮಾಡ್ಲಿ, ಡಬ್ಬಿ ಮಾಡ್ಕೊಟ್ಟೆ."

 ದಿನಕರ ಎಳ್ಳುಂಡೆ ಕೊಟ್ಟು, ಬೀದಿ ದಾಟಿ ಮನೆಯ ಹತ್ತಿರ ಬಂದ. ಕಿಟಕಿಯಲ್ಲಿ ಮಂದಾ ಬೆಳ್ಳನೆಯ ಬೆಳಕಿನಲ್ಲಿ ನೆಟ್ಟಗೆ ಕೂತು ಹೊಲಿಯುತ್ತಿದ್ದಳು. ತನ್ನ ಮರ್ಯಾದೆ ಉಳಿಸಲು ಅವಳು ಇಷ್ಟು ದಿನ ಬೆನ್ನು ನೋಯಿಸಿಕೊಂಡಿದ್ದಳು. ತಾನು ನೋಡಿದರೆ ಪಿನ್ನು ಹಾಕಿದವರು ಯಾರೆಂದು ಕೇಳಿದ್ದ. ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು.

ಒಳಗೆ ಬಂದು ಮೆಲ್ಲಗೆ ಕೇಳಿದ, "ಮನೇಲಿ ಇನ್ನೇನಾದ್ರೂ ಕೆಟ್ಟಿದೆಯೇನೇ?"

"ಮಿಕ್ಸರು" ಎಂದಳು ಮಂದಾ, ಸೂಜಿಯಿಂದ ಕಣ್ಣು ತೆಗೆಯದೆ. "ಅದೂ ನಾಳೇನಾ? ಇಲ್ಲಾ ಪ್ರಮೋದ ಭಾವೋಜಿನ ಕರೀಲಾ?"

"ಕರೀ ನೋಡೋಣ! ಈಗ್ಲೇ ಮಾಡ್ತೀನಿ" ಎಂದು ನಗುತ್ತ ದಿನಕರ ಸ್ಕ್ರೂಡ್ರೈವರು ಹುಡುಕತೊಡಗಿದ.