ಬೀಗತಿಯರ ಬೆಸಾಂವ್

ಸೊಂಟನೋವು ಅಂತ ವರ್ಷವಿಡೀ ನರಳುವ ನಮ್ಮವ್ವ ಮೊನ್ನೆ ಯಾರೂ ಹೇಳದೆಯೇ ಬಾಗಿದಳು. ಅದೂ ಯಾರ ಮುಂದೆ? ನಮ್ಮ ಅತ್ತೆಯ ಮುಂದೆ!

ಡಿಸೆಂಬರ್ ಶುರುವಾದ ಕೂಡಲೇ ಸಂತ ಸೇವಿಯರ್ ಹಬ್ಬ. ಹೊರಗೆ ದಾಂಡೇಲಿಯ ಚಳಿ, ಒಳಗೆ ಇಡ್ಲಿಯಂಥ ಬಿಸಿ ಬಿಸಿ ಸನ್ನ, ಅಂಬೇವಾಡಿಯ ನಮ್ಮ ಪುಟ್ಟ ಮನೆ ತುಂಬ ನೆಂಟರು. ಹಳಿಯಾಳದಿಂದ ಅವ್ವ, ಜೋಯಿಡಾದಿಂದ ಅತ್ತೆ. ಇವರಿಬ್ಬರ ನಡುವೆ ಮಾತಿಲ್ಲ. ನನ್ನ ಮಗಳ ದೀಕ್ಷಾಸ್ನಾನದ ದಿನ ಕೂಸನ್ನು ಯಾರು ಎತ್ತಿಕೊಳ್ಳಬೇಕು ಎಂದು ಶುರುವಾದ ವಾದ. (ಕೂಸು ಎದ್ದು ಓಡಾಡುತ್ತಿದೆ. ವಾದ ಇನ್ನೂ ಕೂತಲ್ಲೇ ಕೂತಿದೆ.)

"ಹಬ್ಬದಾಗ ಇಬ್ಬರೂ ಒಂದ ಮಾತು ಆಡಿದ್ರ ಸಾಕ್ರಿ," ಅಂದಿದ್ದಳು ನನ್ನ ಹೆಂಡತಿ. ಪಾಪ, ಅವಳಿಗೆ ಬೇರೆ ಉಡುಗೊರೆ ಬೇಕಿರಲಿಲ್ಲ.

ನಮ್ಮಲ್ಲೊಂದು ಪದ್ಧತಿ. ಪ್ರಾರ್ಥನೆ ಮುಗಿದ ಮೇಲೆ ಕಿರಿಯರು ಹಿರಿಯರ ಮುಂದೆ ಕೈಮುಗಿದು, ಬಾಗಿ, 'ಬೆಸಾಂವ್' ಕೇಳಬೇಕು. ಅಂದರೆ ಆಶೀರ್ವಾದ. ಹಬ್ಬದ ದಿನ ಯಾರಿಗೂ ವಿನಾಯಿತಿ ಇಲ್ಲ, ಜಗಳ ಆಡಿದವರಿಗೂ.

ಸರಿ, ಬೀಗತಿಯರಲ್ಲಿ ಹಿರಿಯರು ಯಾರು? ಅವ್ವನೇ ದೊಡ್ಡವಳು. ಅದು ಊರಿಗೆಲ್ಲ ಗೊತ್ತು, ಅವಳು ಮಾತ್ರ ಒಪ್ಪುವುದಿಲ್ಲ. "ಬೀಗತಿನ ನನಗಿಂತ ದೊಡ್ಡಾಕಿ," ಅಂತ ನನ್ನ ಮದುವೆಯ ದಿನದಿಂದ ಸಾರುತ್ತ ಬಂದಿದ್ದಾಳೆ. ಈಗ ನೋಡಿ ಫಜೀತಿ. ನೆಟ್ಟಗೆ ನಿಂತರೆ ವಯಸ್ಸು ಒಪ್ಪಿಕೊಂಡಂತೆ. ಬಾಗಿದರೆ ಸೋತಂತೆ!

ಅವ್ವ ಒಂದು ಕ್ಷಣ ಯೋಚಿಸಿದಳು. ಕೂದಲಿಗೆ ಹಚ್ಚಿದ ಡೈ ವ್ಯರ್ಥವಾಗಬಾರದಲ್ಲ? ಬಾಗಿಯೇಬಿಟ್ಟಳು.

ದೊಡ್ಡವರೆನಿಸಿಕೊಳ್ಳಲು ಅತ್ತೆಗೇನು ಹುಚ್ಚೇ? ಅವರೂ ಸರಕ್ಕನೆ ಬಾಗಿದರು. ಠಪ್! ತಲೆಗೆ ತಲೆ ಡಿಕ್ಕಿ.

ನನ್ನ ಹೆಂಡತಿ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡಳು.

"ಅಯ್ಯ, ಪೆಟ್ಟಾತೇನ್ರಿ?" ಅಂದಳು ಅವ್ವ. (ಮನೆಮಾತು ಕೊಂಕಣಿ. ಆದರೂ ನಮ್ಮೆಲ್ಲರ ಬಾಯಲ್ಲಿ ಈ ಕಡೆಯ ಕನ್ನಡವೇ ಬರುವುದು.)

"ನಂದಿರ್ಲಿ, ನಿಮಗ?" ಅತ್ತೆ ಹಣೆ ಉಜ್ಜಿಕೊಂಡರು. "ಇನ್ನೊಮ್ಮೆ ಬಡೀರಿ. ಒಂದ ಸಲ ಬಡದ್ರ ಕೋಡ ಬರ್ತಾವಂತ."

ಇನ್ನೊಮ್ಮೆ ಬಡಿದುಕೊಂಡರು, ಮೆಲ್ಲಗೆ. ಆಮೇಲೆ ನಕ್ಕರು ನೋಡಿ, ಇಬ್ಬರೂ ಒಬ್ಬರ ಭುಜ ಒಬ್ಬರು ಹಿಡಿದುಕೊಂಡು! ಹೆಂಡತಿ ಅಡುಗೆಮನೆಗೆ ಓಡಿ ಕಣ್ಣೊರೆಸಿಕೊಂಡಳು.

ಊಟಕ್ಕೆ ಬೀಗತಿಯರು ಪಕ್ಕಪಕ್ಕದಲ್ಲೇ ಕೂತರು. ನಾನಾದರೂ ಸುಮ್ಮನಿರಬೇಕಿತ್ತು. "ಖರೇ ಹೇಳಬೇಕಂದ್ರ, ಅವ್ವನ ದೊಡ್ಡಾಕಿ ಅಲ್ಲೇನು?" ಅಂದೆ.

"ಬಾಯಿ ಮುಚ್ಚಿ ಉಣ್ಣೋ!" ಅಂದಳು ಅವ್ವ.

"ಸುಮ್ನ ಉಣ್ರಿ, ಅಳಿಯಾರ!" ಅಂದರು ಅತ್ತೆ.

ಇಬ್ಬರು ಬೀಗತಿಯರು ಒಂದಾದರೆ, ನಡುವೆ ಸಿಕ್ಕ ಗಂಡಸಿಗೆ ಯಾವ ಸಂತ ದಿಕ್ಕು?