ಅಪ್ಪ ಮೀಸೆ ತೆಗೆದ ಸಂಜೆ

ನಾನು ಚಿಕ್ಕವಳಿದ್ದಾಗ ಅಪ್ಪನ ಮೀಸೆ ಹಿಡಿದೆಳೆಯುವುದೇ ನನಗೊಂದು ಆಟ. ಆ ಮೀಸೆ ಒಂದು ಸಂಜೆ ಹೋಗಿಯೇಬಿಟ್ಟಿತು.

ಗಂಡಸಿ ಹತ್ತಿರದ ನಮ್ಮ ಹಳ್ಳಿಯಲ್ಲಿ ಬೇಸಿಗೆ ಬಂದರೆ ಖಾಲಿ ಕಣದಲ್ಲಿ ಚಪ್ಪರ ಹಾಕಿ ಪೌರಾಣಿಕ ನಾಟಕ ಆಡುತ್ತಿದ್ದರು. ಮಾತಿಗಿಂತ ಹಾಡೇ ಹೆಚ್ಚು. ಹೆಣ್ಣು ಪಾತ್ರವನ್ನೂ ಗಂಡಸರೇ ಮಾಡುತ್ತಿದ್ದರು. ಆ ವರ್ಷ ರಾಣಿಯ ಪಾತ್ರದವನು ನಾಟಕದ ದಿನವೇ ಜ್ವರ ಬಂದು ಮಲಗಿಬಿಟ್ಟ. ಅವನ ಹಾಡುಗಳೆಲ್ಲ ಬಾಯಿಗೆ ಬರುತ್ತಿದ್ದದ್ದು ಅಪ್ಪನಿಗೆ ಮಾತ್ರ. ಆದರೆ ರಾಣಿಗೆ ಮೀಸೆ ಇರುವುದುಂಟೇ?

ನಮ್ಮ ಕಡೆ ಗಂಡಸು ಮೀಸೆ ತೆಗೆಯುವುದು ತನ್ನ ತಂದೆ ತೀರಿಕೊಂಡಾಗ. ತಾತ ಕೋಲನ್ನು ನೆಲಕ್ಕೆ ಕುಟ್ಟಿದ.

"ನಾನಿನ್ನೂ ಉಸಿರಾಡ್ತಾ ಇವ್ನಿ ಕಣ್ಲಾ. ಮೀಸೆ ಬೋಳಿಸ್ಕಂಡು ಈ ಹೊಸ್ಲು ತುಳೀಬ್ಯಾಡ."

"ಸುತ್ತಮುತ್ತಲ ಹಳ್ಳಿ ಜನ ಬತ್ತಾವ್ರೆ ಕಣಪ್ಪ. ಏನಂತ ಹೇಳಿ ಕಳ್ಸಾದು?" ಎಂದ ಅಪ್ಪ, ತಲೆ ತಗ್ಗಿಸಿಕೊಂಡು ಹೊರಟೇ ಹೋದ.

ತಾತ ಒಳಗೆ ಹೋಗಿ ಕಂಬಳಿ ಹೊದ್ದು ಮಲಗಿದ. ಅಂಥ ಸೆಕೆಯಲ್ಲೂ ಕಂಬಳಿ. ಅಪ್ಪ ಮೀಸೆ ತೆಗೆದರೆ ತಾತ ಸತ್ತೇಹೋಗುತ್ತಾನೆ ಎಂದು ನಾನು ನಂಬಿಬಿಟ್ಟೆ.

ಬಿಸಿಲು ಇಳಿದ ಮೇಲೆ ಹಾರ್ಮೋನಿಯಂ ಶುರುವಾಯಿತು. ನೀರು ಚಿಮುಕಿಸಿದ ಕಣದ ಮಣ್ಣು, ಹುರಿದ ಕಡಲೆಕಾಯಿ, ಪೆಟ್ರೋಮ್ಯಾಕ್ಸಿನ ಸೀಮೆಎಣ್ಣೆ, ಎಲ್ಲ ಸೇರಿ ಒಂದೇ ವಾಸನೆ. ಅವ್ವನ ಮದುವೆ ಸೀರೆ ಉಟ್ಟು ಅಪ್ಪ ಬಂದ. ಮೂಗಿನ ಕೆಳಗೆ ನುಣ್ಣಗೆ, ಬೋಳು. ಜನ ಶಿಳ್ಳೆ ಹೊಡೆದರು. ನನಗೆ ಅಳು ಉಕ್ಕಿ ಬಂತು. ಅಕ್ಕನ ಕೈ ಕೊಸರಿಕೊಂಡು ಮನೆಗೆ ಓಡಿ, ತಾತನ ಎದೆಯ ಮೇಲೆ ಕಿವಿಯಿಟ್ಟೆ. ಗೊರಗೊರ ಸದ್ದಿತ್ತು. ಕಣಕ್ಕೆ ಓಡಿದೆ. ಅಪ್ಪ ಇನ್ನೊಂದು ಹಾಡು ಎತ್ತಿಕೊಂಡ. ಮನಸ್ಸು ತಡೆಯದೆ ಮತ್ತೆ ಮನೆಗೆ ಓಡಿದೆ. ಅಪ್ಪನ ಹಾಡು ಒಂದೂ ನೆನಪಿಲ್ಲ ನನಗೆ, ಆ ದಾರಿಯ ಕಲ್ಲುಗಳು ನೆನಪಿವೆ.

ಈ ಸಲ ಮಂಚ ಖಾಲಿಯಿತ್ತು. ಕಂಬಳಿಯೂ ಇರಲಿಲ್ಲ. ಸತ್ತವರನ್ನು ಹೊದಿಸಿ ಎತ್ತಿಕೊಂಡು ಹೋಗುತ್ತಾರೆಂದು ನನಗೆ ಗೊತ್ತಿತ್ತು. ಅಪ್ಪನಿಗೆ ಹೇಳಬೇಕೆಂದು ಎದ್ದುಬಿದ್ದು ಓಡಿದೆ.

ಕಣದಂಚಿನ ಹುಲ್ಲಿನ ಮೆದೆಯ ಹಿಂದಿನಿಂದ ಒಂದು ಕೈ ನನ್ನ ಲಂಗ ಹಿಡಿದು ನಿಲ್ಲಿಸಿತು. ಕಂಬಳಿಯ ಮುಸುಕು ಹಾಕಿಕೊಂಡು, ಯಾರಿಗೂ ಕಾಣದ ಹಾಗೆ ತಾತ ಕೂತಿದ್ದ. ಅವನ ಕೆನ್ನೆ ಒದ್ದೆಯಾಗಿತ್ತು.

"ಎತ್ತಗೆ ಓಡ್ತೀಯವ್ವ? ಸುಮ್ಕೆ ಕುತ್ಕೊ. ನಿಮ್ಮಪ್ಪ ಹಾಡ್ತಾವ್ನೆ."

ನಾನು ಅವನ ಕಂಬಳಿಯೊಳಗೆ ನುಗ್ಗಿ ಬಿಕ್ಕಿ ಬಿಕ್ಕಿ ಅತ್ತೆ.

ಮೊಮ್ಮಕ್ಕಳೇ, ಮೊನ್ನೆ ಅರಸೀಕೆರೆಯ ಮೈದಾನದಲ್ಲಿ ನಾವು ನೋಡಿದ ನಾಟಕಕ್ಕೆ ರಾಣಿಯಾಗಿ ಹುಡುಗಿಯೇ ಬಂದಳು, ಕೆನ್ನೆಗೆ ಮೈಕು ಅಂಟಿಸಿಕೊಂಡು. ನೀವು ಐಸ್‌ಕ್ರೀಮ್ ತಿನ್ನುತ್ತಾ ನಿಶ್ಚಿಂತೆಯಾಗಿ ನೋಡಿದಿರಿ. ನಿಮ್ಮಪ್ಪನಂತೂ ದಿನಾ ಬೆಳಿಗ್ಗೆ ಮೀಸೆ ಬೋಳಿಸಿಕೊಂಡೇ ಆಫೀಸಿಗೆ ಹೋಗುತ್ತಾನೆ, ಯಾರೂ ಏನೂ ಅನ್ನುವುದಿಲ್ಲ. ಆದರೂ ಮಕ್ಕಳೇ, ಅವನು ಆ ನುಣ್ಣನೆಯ ಮುಖ ಒರೆಸಿಕೊಳ್ಳುತ್ತಾ ಬಚ್ಚಲಿಂದ ಬಂದಾಗಲೆಲ್ಲ ನನ್ನ ಕಣ್ಣು ಹೋಗುವುದು ಕಿಟಕಿ ಪಕ್ಕದ ಕುರ್ಚಿಯ ಕಡೆಗೆ. ನಿಮ್ಮ ತಾತ ಪೇಪರ್ ಓದುತ್ತಾ ಅಲ್ಲೇ ಕೂತಿರುತ್ತಾರೆ.