ಯಾರದೂ ವಿರೋಧ ಇಲ್ರಿ ಸರ

ಹೋದ ವಾರ ನಾನು ಮಂತ್ರಿಯಾಗಿದ್ದೆ. ನಗಬೇಡಿ, ನಿಜ. ಮಹಿಳಾ ಮತ್ತು ಮಕ್ಕಳ ಕಲ್ಯಾಣ. (ನಮಗೆ ಇನ್ನೇನು ಕೊಡ್ತಾರೆ?) ಶನಿವಾರ ಬಂದ ಅಧಿಕಾರ ಸೋಮವಾರ ಮಧ್ಯಾಹ್ನದೊಳಗೆ ಹೋಯಿತು.

ನಲವತ್ತಾರನೇ ವಯಸ್ಸಿಗೆ ಮುದ್ದೇಬಿಹಾಳದಲ್ಲಿ ಬಿ.ಎ. ಸೇರಿದ್ದೇನೆಂದು ಈ ಅಂಕಣದಲ್ಲಿ ಸಾಕಷ್ಟು ಜಂಬ ಕೊಚ್ಚಿಕೊಂಡಿದ್ದೇನೆ. ಮೊದಲ ಸೆಮಿಸ್ಟರಿಗೆ ಕೇಂದ್ರ ಮತ್ತು ರಾಜ್ಯ ಸರ್ಕಾರ ಅಂತ ಒಂದು ಪೇಪರ್ ಇದೆ. ಕ್ಲಾಸಿನಲ್ಲಿ ನಲವತ್ತು ಜನ, ನನ್ನನ್ನು ಬಿಟ್ಟರೆ ಎಲ್ಲರೂ ನನ್ನ ಮಗನಿಗಿಂತ ಚಿಕ್ಕವರು. ಅವರಿಗೆ ನಾನು ‘ಅಕ್ಕಾರು’. ಪಾಠ ಮಾಡುವ ಸರ್ ನನಗಿಂತ ಹದಿನೈದು ವರ್ಷ ಸಣ್ಣವರು. ಅವರಿಗೂ ಅಕ್ಕಾರೇ.

ಈ ಸರ್ ತಲೆಗೆ ಒಂದು ಐಡಿಯಾ ಬಂತು. ಅಣಕು ವಿಧಾನಸಭೆ! ನೀವೇ ಸರ್ಕಾರ, ನೀವೇ ವಿರೋಧ ಪಕ್ಷ, ನಾನು ಸ್ಪೀಕರ್, ಇಂಟರ್ನಲ್ ಮಾರ್ಕ್ಸ್ ಇದಕ್ಕೇ ಅಂದರು. ಮಸೂದೆ ಯಾವುದು? ಕಾಲೇಜನ್ನು ಹತ್ತರ ಬದಲು ಬೆಳಗ್ಗೆ ಎಂಟಕ್ಕೆ ಶುರುಮಾಡುವುದು. ಇದು ಬರೀ ಆಟವಾಗಿರಲಿಲ್ಲ. ಪ್ರಿನ್ಸಿಪಾಲರು ನಿಜವಾಗಿಯೂ ಪ್ರತಿ ಕ್ಲಾಸಿನ ಅಭಿಪ್ರಾಯ ಕೇಳಿದ್ದರು. ನಮ್ಮ ಸಭೆ ಏನು ತೀರ್ಮಾನಿಸುತ್ತದೋ ಅದೇ ಅವರ ಟೇಬಲ್ಲಿಗೆ ಹೋಗುವುದಿತ್ತು.

ತಯಾರಿಯ ಹೊಣೆ ಮಲ್ಲುವಿನದು. ಇಂಡಿ ಕಡೆಯ ಲಿಂಬೆ ತೋಟದವರ ಮಗ, ಇಲ್ಲಿ ಹಾಸ್ಟೆಲ್ಲಿನಲ್ಲಿದ್ದಾನೆ. ಶನಿವಾರ ಎಲ್ಲರನ್ನೂ ಚಹಾದಂಗಡಿಗೆ ಎಳೆದುಕೊಂಡು ಹೋದ. ಬಿಸಿ ಮಿರ್ಚಿ ಭಜಿ ಬಂತು. ಅರ್ಧ ಗಂಟೆಯಲ್ಲಿ ಪ್ರಜಾಪ್ರಭುತ್ವ ಮುಗಿಯಿತು.

ಸೋಮವಾರ ಸರ್ ಒಳಗೆ ಬಂದು ನೋಡುತ್ತಾರೆ, ನಲವತ್ತೂ ಜನ ಬಲಗಡೆಯ ಬೆಂಚುಗಳಲ್ಲಿ ಒತ್ತಿಕೊಂಡು ಕುಳಿತಿದ್ದೇವೆ. ಎಡಗಡೆ ಖಾಲಿ.

“ವಿರೋಧ ಪಕ್ಷ ಎಲ್ಲೈತೋ?”

ಮಲ್ಲು ಎದ್ದು ನಿಂತ. “ಯಾರದೂ ವಿರೋಧ ಇಲ್ರಿ ಸರ. ಜಗಳ ಯಾಕ ಅಂತ ಅವಿರೋಧ ಮಾಡಿ ಮುಗಿಸೇವ್ರಿ. ನಾ ಮುಖ್ಯಮಂತ್ರಿ. ಉಳದವ್ರೆಲ್ಲಾ ಮಂತ್ರಿಗಳು.”

“ವಿಧಾನಸಭಾದಾಗ ಮಂತ್ರಿಗಳು ಎಷ್ಟು ಮಂದಿ ಇರಬಹುದು?”

“ಶೇಕಡಾ ಹದಿನೈದ್ರಿ ಸರ,” ಎಂದು ಎಲ್ಲರೂ ಒಂದೇ ರಾಗದಲ್ಲಿ ಹೇಳಿದೆವು. ಹಿಂದಿನ ವಾರವಷ್ಟೇ ಟೆಸ್ಟಿಗೆ ಬಾಯಿಪಾಠ ಮಾಡಿದ್ದೆವಲ್ಲ! ನಲವತ್ತಕ್ಕೆ ಆರು ಅಂತ ಲೆಕ್ಕ ಹಾಕುವ ಗೋಜಿಗೆ ಮಾತ್ರ ಯಾರೂ ಹೋಗಿರಲಿಲ್ಲ.

ಮಲ್ಲುವಿನದೇನು ತಪ್ಪು ಹೇಳಿ? ನಮ್ಮ ಕಡೆ ಸೊಸೈಟಿ ಎಲೆಕ್ಷನ್ ಬಂತೆಂದರೆ ಹಿರಿಯರು ಕಟ್ಟೆಗೆ ಕೂತು, ಇವನಿಗೆ ಇದು ಅವನಿಗೆ ಅದು ಅಂತ ಸಮಾಧಾನ ಮಾಡಿ, ನಾಮಪತ್ರ ವಾಪಸ್ ತೆಗೆಸುತ್ತಾರೆ. ಆಮೇಲೆ ಗುಲಾಲು, ಹಾರ, ಫೋಟೋ, ‘ಅವಿರೋಧ ಆಯ್ಕೆ’ ಅಂತ ಬ್ಯಾನರ್. ಹುಡುಗ ಅದನ್ನು ನೋಡುತ್ತಲೇ ಬೆಳೆದವನು. ಶಹಬ್ಬಾಸ್ ಸಿಗುತ್ತದೆಂದು ಕಾದು ನಿಂತಿದ್ದ, ಪಾಪ.

ಸರ್ ಹೇಳಿದ್ದು ಇಷ್ಟೇ. “ಒಂದು ತಾಸು ಟೈಮ್ ಕೊಡ್ತೇನಿ. ವಿರೋಧ ಪಕ್ಷ ಇಲ್ಲಾಂದ್ರ ಎಲ್ಲಾರಿಗೂ ಸೊನ್ನಿ.”

ಮೂವತ್ತೊಂಬತ್ತು ಜೊತೆ ಕಣ್ಣು ನನ್ನ ಮೇಲೆ ಬಿದ್ದವು. “ಅಕ್ಕಾರ, ನೀವ ಹೋಗ್ರಿ,” ಎಂದ ಮಲ್ಲು. “ಇಪ್ಪತ್ತೈದು ವರ್ಷ ಸಂಸಾರ ಮಾಡೀರಿ. ವಿರೋಧ ಮಾಡೋದು ನಿಮಗ ರೂಢಿ ಇರ್ತೈತಿ.” (ನಮ್ಮ ಯಜಮಾನರು ಅಲ್ಲಿದ್ದಿದ್ದರೆ ಎದ್ದು ನಿಂತು ಅನುಮೋದಿಸುತ್ತಿದ್ದರು.)

ಸರಿ, ಹೋಗುತ್ತೇನೆ. ಆದರೆ ವಿರೋಧಿಸಲು ಏನಾದರೂ ಬೇಕಲ್ಲ? ನನಗಂತೂ ಎಂಟರ ಕಾಲೇಜು ಬಹಳ ಇಷ್ಟವಾಗಿತ್ತು. ಮಧ್ಯಾಹ್ನ ಮನೆಗೆ ಹೋಗಿ ಹಾಯಾಗಿ ಮಲಗಬಹುದು! ಅಕ್ಕಪಕ್ಕದವರನ್ನು ಕೇಳುತ್ತಾ ಸಾವಿತ್ರಿಯ ಹತ್ತಿರ ಬಂದೆ. ಹೂವಿನ ಹಿಪ್ಪರಗಿಯಿಂದ ಬರುವ ಹುಡುಗಿ, ಬುತ್ತಿ ಬಿಚ್ಚಿಕೊಂಡು ತಿನ್ನದೆ ಕುಳಿತಿದ್ದಳು.

“ಈ ಮಸೂದ್ಯಾಗ ಏನರ ತಪ್ಪ ಹುಡುಕಿ ಕೊಡ ನಮ್ಮವ್ವ,” ಅಂದೆ.

“ನಾ ಬರೋ ಬಸ್ಸ ಇಲ್ಲಿ ಮುಟ್ಟೋದ ಒಂಬತ್ತೂವರಿಗ್ರಿ ಅಕ್ಕಾರ,” ಎಂದಳು ತಲೆ ಎತ್ತದೆ. “ಅದಕ್ಕೂ ಮೊದಲ ಬ್ಯಾರೆ ಬಸ್ಸಿಲ್ಲ. ಎಂಟಕ್ಕ ಕಾಲೇಜಂದ್ರ ಅಪ್ಪ ಮನ್ಯಾಗ ಕುಂಡ್ರಸ್ತಾನ.”

ಇದೇ ಹುಡುಗಿ ಶನಿವಾರ ನನ್ನ ಪಕ್ಕದಲ್ಲೇ ಕೂತು ಭಜಿ ತಿಂದಿದ್ದಳು, ನಾನು ಒಂದು ಮಾತು ಕೇಳಿರಲಿಲ್ಲ. ಅಂದಹಾಗೆ, ನಮ್ಮ ಸರ್ಕಾರದಲ್ಲಿ ಅವಳ ಖಾತೆ ಯಾವುದು ಗೊತ್ತೇ? ಸಾರಿಗೆ!

ಸಭೆ ಶುರುವಾಯಿತು. ಎಡಗಡೆ ನಾನೊಬ್ಬಳೇ. ಎದ್ದು ನಿಂತೆ. “ಮಾನ್ಯ ಸ್ಪೀಕರ್ರ, ಒಂಬತ್ತೂವರಿಗೆ ಬರೋ ಬಸ್ಸಿನ್ಯಾಗಿನ ಹುಡಿಗ್ಯಾರು ಎಂಟಕ್ಕ ಹ್ಯಾಂಗ ಬರಬೇಕ್ರಿ? ಸಾರಿಗೆ ಮಂತ್ರಿಗಳು ಹೇಳ್ಲಿ.”

ಸಾರಿಗೆ ಮಂತ್ರಿ ಎದ್ದಳು. ಸೆರಗಿಲ್ಲದಿದ್ದರೂ ವೇಲ್ ಸರಿಮಾಡಿಕೊಂಡಳು. “ಸರ, ನಂದೂ ಒಪ್ಪಿಗಿ ಇಲ್ರಿ,” ಎಂದವಳೇ ಪುಸ್ತಕ ಎತ್ತಿಕೊಂಡು ನನ್ನ ಬೆಂಚಿಗೆ ಬಂದಳು.

ಅಷ್ಟೇ ನೋಡಿ. ಆರೋಗ್ಯ ಬಂತು, ಅರಣ್ಯ ಬಂತು. “ನಮ್ಮ ಟೆಂಪೋನೂ ಎಂಟಕ್ಕ ಮುಟ್ಟಂಗಿಲ್ರಿ,” ಎನ್ನುತ್ತಾ ಕಂದಾಯ ಬಂತು. ಹಣಕಾಸು ಬೆಂಚು ಜಿಗಿದೇ ಬಂತು. ಐದು ನಿಮಿಷದಲ್ಲಿ ಬಲಗಡೆ ಮುಖ್ಯಮಂತ್ರಿ ಒಬ್ಬನೇ. ಅವನು ಆ ಕಡೆ ಈ ಕಡೆ ನೋಡಿ, ಚೀಲ ಹೆಗಲಿಗೇರಿಸಿ ತಾನೂ ಬಂದುಬಿಟ್ಟ. “ಒಬ್ಬಾಂವ ಕುಂತ್ರ ಚಂದ ಕಾಣಂಗಿಲ್ರಿ ಸರ. ನಿಜಾ ಹೇಳ್ಬೇಕಂದ್ರ ನಾ ಏಳೋದ ಎಂಟಕ್ಕ.”

ಸರ್ ಡಸ್ಟರ್ ಕೆಳಗಿಟ್ಟರು. “ಈಗ ಸರ್ಕಾರ ಎಲ್ಲೈತೋ?”

ಅವರಿಗೆ ನಗು ತಡೆಯಲಾಗಲಿಲ್ಲ, ನಮಗೂ ಆಗಲಿಲ್ಲ. ನಕ್ಕು ನಕ್ಕು ನನ್ನ ಕಣ್ಣಲ್ಲಿ ನೀರು ಬಂತು. ಮಸೂದೆ ಬಿತ್ತು, ಮಾರ್ಕ್ಸ್ ಸಿಕ್ಕವು. ‘ಹತ್ತಕ್ಕೇ ಇರಲಿ’ ಎಂಬ ಕಾಗದಕ್ಕೆ ನಲವತ್ತು ಸಹಿ ಬಿದ್ದವು. ಸಾವಿತ್ರಿಯದು ಎಲ್ಲರಿಗಿಂತ ದೊಡ್ಡ ಸಹಿ.

ಹೊರಗೆ ಬಂದ ಮೇಲೆ ಅವಳನ್ನು ಹಿಡಿದು ಕೇಳಿದೆ, ಶನಿವಾರ ಯಾಕ ಸುಮ್ಮ ಕುಂತಿದ್ದಿ ಅಂತ. “ಎಲ್ಲಾರೂ ಹೂಂ ಅಂದ್ರಂತ ನಾನೂ ಹೂಂ ಅಂದೆ ಅಕ್ಕಾರ.” ಮಲ್ಲುವನ್ನು ಕೇಳಿದೆ, ಅವನದೂ ಅದೇ ಉತ್ತರ. ಆರೋಗ್ಯ, ಅರಣ್ಯ, ಕಂದಾಯ ಎಲ್ಲರನ್ನೂ ಕೇಳಿದೆ. ಎಲ್ಲರೂ ಅದನ್ನೇ ಹೇಳಿದರು. ಎಂಟರ ಕಾಲೇಜು ಇಷ್ಟವಿದ್ದ ನಾನೂ ಎಲ್ಲರೂ ಅಂದ ಮೇಲೇ ಹೂಂ ಅಂದವಳು.

ಹಾಗಾದರೆ, ಮೊದಲು ಹೂಂ ಅಂದವರು ಯಾರು?